ಸೇತುವೆಯ ಮೇಲಿನ ನಾಯಿ

ವಿದ್ಯಾರಣ್ಯಪುರಂನ ಗಿರಾಕಿಯೊಬ್ಬರು ಹಳೆಯ ವಿಡಿಯೊ ಗೇಮ್ ಕನ್ಸೋಲನ್ನು ರಿಪೇರಿಗೆ ಬಿಟ್ಟುಹೋದಾಗ ಮೃತ್ಯುಂಜಯನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಮಂಡಿ ಮೊಹಲ್ಲಾದ ಅವನ ಅಂಗಡಿಗೆ ಮೊಬೈಲುಗಳ ನಡುವೆ ಇಂಥವೂ ಈಗೀಗ ತಿಂಗಳಿಗೆ ಎರಡಾದರೂ ಬರುತ್ತವೆ. ಚಿಕ್ಕಂದಿನಲ್ಲಿ ಆಡಿದವರು ಸಂಬಳಗಾರರಾದ ಮೇಲೆ ಅಟ್ಟದಿಂದ ಇಳಿಸಿಕೊಂಡು ತರುತ್ತಾರೆ. ಲೆನ್ಸ್ ಒರೆಸಿ, ಸಡಿಲವಾದ ವೈರ್‌ಗೆ ಬೆಸುಗೆ ಹಾಕಿ, ಡಿಸ್ಕ್ ತಿರುಗಿಸಿ ನೋಡಿದರೆ ಕೆಲಸ ಮುಗಿಯಿತು. ಭಾನುವಾರ ಮಧ್ಯಾಹ್ನ, ಬೀದಿಯ ಅಂಗಡಿಗಳೆಲ್ಲ ಮುಚ್ಚಿದ್ದಾಗ, ಅವನು ಮುಚ್ಚಳ ತೆರೆದ. ಒಳಗೆ ಸಿಕ್ಕಿಕೊಂಡಿದ್ದ ಡಿಸ್ಕಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಗ್ರೇ ಹಾರ್ಬರ್’ ಎಂದು ಬರೆದಿತ್ತು.

ಆ ಆಟ ಅವನಿಗೆ ಗೊತ್ತಿತ್ತು. ಅದರ ಬಗ್ಗೆ ಅವನು ಕೋರ್ಟಿನಲ್ಲಿ ಪ್ರಮಾಣ ಮಾಡಿ ಸಾಕ್ಷಿ ಹೇಳಿದ್ದ.

ಗ್ರೇ ಹಾರ್ಬರ್ ಗುಂಡು ಹಾರಿಸಿ ಗೆಲ್ಲುವ ಆಟವಲ್ಲ. ಕಾವಲಿರುವ ಬಂದರಿನೊಳಗೆ ಒಬ್ಬನೇ ನುಸುಳಬೇಕು, ಯಾರ ಕಣ್ಣಿಗೂ ಬೀಳದೆ ಆಚೆ ದಾಟಬೇಕು. ಒಬ್ಬ ಕಂಡರೂ ಸೈರನ್ ಕೂಗುತ್ತದೆ, ಹಂತ ಮೊದಲಿನಿಂದ ಶುರುವಾಗುತ್ತದೆ. ೨೦೦೪ರಲ್ಲಿ ಇದೇ ಮೊಹಲ್ಲಾದ ಒಂದು ಗೇಮ್ ಅಂಗಡಿಯಲ್ಲಿ ಹುಡುಗರು ಇದನ್ನು ಜೋಡಿಯಾಗಿ ಆಡುತ್ತಿದ್ದರು. ಮುಂದೆ ಕುರ್ಚಿಯಲ್ಲಿ ಕೂತವನು ‘ಕೈ’, ಜಾಯ್‌ಸ್ಟಿಕ್ ಅವನದು. ಹಿಂದಿನ ಬೆಂಚಿನಲ್ಲಿ ಕೂತವನು ‘ಕಣ್ಣು’. ಟಿವಿಯ ಮೂಲೆಯಲ್ಲಿ ಕಾಣುವ ಪುಟ್ಟ ನಕ್ಷೆಯನ್ನು ನೋಡುತ್ತಾ, ಕಾವಲಿನವರು ಎಲ್ಲಿಂದ ಬರುತ್ತಿದ್ದಾರೆಂದು ಹೇಳುವುದು ಅವನ ಕೆಲಸ. ಕೈ ಆದವನು ಹಿಂತಿರುಗಿ ನೋಡುವಂತಿರಲಿಲ್ಲ. ನೋಡಿದರೆ ಅಷ್ಟರಲ್ಲಿ ಸಿಕ್ಕಿಬಿದ್ದ. ಮೃತ್ಯುಂಜಯ ಯಾವಾಗಲೂ ಕೈ. ಅವನ ಕಣ್ಣು, ಜೊತೆಯಲ್ಲಿ ಪಿಯುಸಿ ಓದುತ್ತಿದ್ದ ಶಿವಶಂಕರ್, ಅಕ್ಕಿ ಮಂಡಿಯ ಸಾಹುಕಾರರ ಮಗ.

ಆ ವರ್ಷ ಆಗಸ್ಟ್ ೧೪, ಶನಿವಾರ, ಸಂಜೆ ಐದೂಕಾಲಕ್ಕೆ ಕೆಸರೆಯ ಆಚೆ ರಿಂಗ್ ರಸ್ತೆಯಲ್ಲಿ ಸಾಹುಕಾರರ ಓಮ್ನಿ ವ್ಯಾನ್ ಗುದ್ದಿ, ಸೈಕಲ್ಲಿನಲ್ಲಿ ಹೋಗುತ್ತಿದ್ದ ಸಿದ್ದಮಲ್ಲಪ್ಪ ಎಂಬವರು ಸತ್ತರು. ಜನ ಸೇರಿದಾಗ ಗಾಯಾಳುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯಲ್ಲಿ ಕೂತಿದ್ದವರು ವ್ಯಾನಿನ ಡ್ರೈವರ್ ಮರಿಸ್ವಾಮಿ. ಪೊಲೀಸರಿಗೂ ಆಮೇಲೆ ಕೋರ್ಟಿಗೂ ಅವರು ಹೇಳಿದ್ದು ಒಂದೇ. ಸಾಹುಕಾರರ ಮಗ ಒಂದು ರೌಂಡ್ ಹೊಡೆದುಕೊಂಡು ಬರುತ್ತೇನೆಂದು ಕೀ ಇಸಿದುಕೊಂಡ, ತನ್ನನ್ನು ಟೀ ಅಂಗಡಿಯ ಹತ್ತಿರ ಇಳಿಸಿದ, ಸದ್ದು ಕೇಳಿ ಓಡುವಷ್ಟರಲ್ಲಿ ಹುಡುಗ ಅಲ್ಲಿರಲಿಲ್ಲ.

ಹುಡುಗ ನಾಲ್ಕು ಗಂಟೆಯಿಂದ ಗೇಮ್ ಅಂಗಡಿಯಲ್ಲಿದ್ದ ಎಂದು ಹೇಳಿದವನು ಮೃತ್ಯುಂಜಯ. ೨೦೦೬ರ ನವೆಂಬರಿನಲ್ಲಿ ಅವನು ಸಾಕ್ಷಿಕಟ್ಟೆ ಹತ್ತಿದಾಗ ಮರಿಸ್ವಾಮಿಯವರ ಲಾಯರು ಕೇಳಿದ್ದರು: “ನೀನು ಟಿವಿ ನೋಡ್ತಿದ್ದೆ, ಅವನು ನಿನ್ನ ಬೆನ್ನ ಹಿಂದೆ. ಎದ್ದು ಹೋಗ್ಲಿಲ್ಲ ಅಂತ ಹೇಗೆ ಹೇಳ್ತೀಯ?”

“ಅಂಗಡಿಯವ್ರು ಐದು ಗಂಟೆ ಆಯ್ತು ಅಂತ ಕೂಗಿದ್ಮೇಲೆ ನಾನು ಮೂರನೇ ಹಂತದ ಸೇತುವೆ ಮೇಲಿದ್ದೆ ಸಾರ್. ‘ನಾಯಿ ಕಣೋ, ಕೂತ್ಕೋ’ ಅಂತ ಹಿಂದಿನಿಂದ ಅವನೇ ಹೇಳಿದ. ಹೇಳ್ದೇ ಇದ್ರೆ ನಾನು ಸಿಕ್ಕಾಕೊಳ್ತಿದ್ದೆ. ಆರೂವರೆಗೆ ಆ ಹಂತ ಮುಗಿದು, ಕರೆಂಟ್ ಹೋಯ್ತು. ಎದ್ದು ಬಂದ್ವಿ.”

ಕೋರ್ಟಿನಲ್ಲಿ ಒಂದಿಬ್ಬರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಇಷ್ಟು ಸಣ್ಣ ವಿವರ ಕಟ್ಟಿ ಹೇಳುವಂಥದ್ದಲ್ಲ, ಈ ಸಾಕ್ಷಿ ನಂಬಲರ್ಹ ಎಂದು ಆ ನಾಯಿಯನ್ನೇ ತೀರ್ಪಿನಲ್ಲಿ ಎತ್ತಿ ಬರೆದರು. ಮರಿಸ್ವಾಮಿಗೆ ಒಂದು ವರ್ಷ ಸಜೆಯಾಯಿತು, ಲೈಸೆನ್ಸ್ ರದ್ದಾಯಿತು. ಮೇಲ್ಮನವಿಯಲ್ಲೂ ಅದೇ ನಿಂತಿತು. ಮೃತ್ಯುಂಜಯನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಅವನು ನಂಬಿದ್ದನ್ನು ಹೇಳಿದ್ದ.

ಜೈಲಿನಿಂದ ಬಂದ ಮರಿಸ್ವಾಮಿ ಮಂಡಿಯಲ್ಲಿ ಮೂಟೆ ಹೊತ್ತರು. ಸತ್ತ ಸಿದ್ದಮಲ್ಲಪ್ಪನವರ ಹೆಂಡತಿ ಗಿರಿಜಾಂಬಾ ಕೆಸರೆಯಲ್ಲಿ ಮರಿಸ್ವಾಮಿಯವರ ಮನೆಯಿಂದ ಎರಡೇ ಅಡ್ಡರಸ್ತೆ ಆಚೆ ಇದ್ದರು. ನ್ಯಾಯಬೆಲೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಎದುರಾದರೂ ಆಕೆ ಮುಖ ತಿರುಗಿಸುತ್ತಿದ್ದರು. ವರ್ಷಕ್ಕೊಮ್ಮೆ ಮರಿಸ್ವಾಮಿ ಮೃತ್ಯುಂಜಯನ ಅಂಗಡಿಯ ಮೆಟ್ಟಿಲ ಬಳಿ ಬಂದು ನಿಲ್ಲುತ್ತಿದ್ದರು. “ಕೋರ್ಟು ಕಚೇರಿ ಬ್ಯಾಡ. ಆ ತಾಯಿ ಹತ್ರ ಬಂದು ಒಂದ್ಮಾತು ಹೇಳಿ ಸಾಕು. ನಾನು ಕೊಂದಿಲ್ಲ ಅಂತ ಅವ್ರಿಗೊಬ್ರಿಗೆ ಗೊತ್ತಾಗ್ಲಿ.”

“ಗೊತ್ತಿದ್ದದ್ದನ್ನ ಹೇಳಿದ್ದೀನಿ, ಮರಿಸ್ವಾಮಣ್ಣ. ಇಲ್ಲದ್ದನ್ನ ಹೇಗೆ ಹೇಳ್ಲಿ?” ಪ್ರತಿ ವರ್ಷವೂ ಅದೇ ಉತ್ತರ.

ಈ ವರ್ಷ ಅವರು ಬರಲಿಲ್ಲ. ಮೂರು ವಾರದ ಹಿಂದೆ ಅವರ ಹೆಂಡತಿ ಸರೋಜಮ್ಮ ಬಂದಿದ್ದರು. ಗಂಡನ ಎರಡೂ ಕಿಡ್ನಿ ಹೋಗಿವೆ, ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದರು ಎಂದು ಹೇಳಿ, ಅದೇ ಮಾತನ್ನು ಕೇಳಿದರು. ಅದೇ ಉತ್ತರ ಪಡೆದು ಹೋದರು.

ಈ ಭಾನುವಾರ ಮೃತ್ಯುಂಜಯ ಲೆನ್ಸ್ ಒರೆಸಿ ಡಿಸ್ಕ್ ಹಾಕಿದ, ಆಟ ಶುರುವಾಯಿತು. ಮೊದಲೆರಡು ಹಂತ ಒಂದೂವರೆ ಗಂಟೆಯಲ್ಲಿ ಮುಗಿದವು. ಕಾವಲಿನವರು ಇಪ್ಪತ್ತೊಂದು ವರ್ಷದ ಹಿಂದೆ ಎಲ್ಲಿ ತಿರುಗುತ್ತಿದ್ದರೋ ಅಲ್ಲೇ ತಿರುಗಿದರು, ಎಷ್ಟು ಹೆಜ್ಜೆ ಹಾಕುತ್ತಿದ್ದರೋ ಅಷ್ಟೇ ಹಾಕಿದರು. ಮೂರನೇ ಹಂತದ ಸೇತುವೆ ಬಂತು. ಕಬ್ಬಿಣದ ಸೇತುವೆ, ಮೂವರು ಕಾವಲಿನವರು, ನಡುವೆ ಮರದ ಪೆಟ್ಟಿಗೆಗಳ ಸಾಲು. ನಾಯಿ ಬರುವುದನ್ನೇ ಕಾಯುತ್ತಾ ಅವನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸರಿದ. ಮೊದಲ ಸಲಕ್ಕೇ ಸೇತುವೆ ದಾಟಿಬಿಟ್ಟ. ಹಿಂದೆ ಯಾರ ಕಣ್ಣೂ ಬೇಕಾಗಲಿಲ್ಲ. ನಾಯಿ ಬರಲಿಲ್ಲ.

ತನ್ನ ವೇಗ ಹೆಚ್ಚಾಯಿತೇನೋ ಎಂದುಕೊಂಡು ಮತ್ತೆ ಆಡಿದ. ಸುಲಭ, ಸಾಧಾರಣ, ಕಠಿಣ ಮೂರರಲ್ಲೂ ಆಡಿದ. ಬೇಕೆಂದೇ ಸಿಕ್ಕಿಬಿದ್ದು ಸೈರನ್ ಕೂಗಿಸಿದ. ಟಾರ್ಚ್ ಹಿಡಿದ ಸೈನಿಕರು ಬಂದರು, ನಾಯಿ ಇಲ್ಲ. ಪೆಟ್ಟಿಗೆಯ ಹಿಂದೆ ಕೂತು, ಅಂಗಡಿಯ ಗೋಡೆ ಗಡಿಯಾರ ನೋಡಿಕೊಂಡು ನಲವತ್ತು ನಿಮಿಷ ಕಾದ. ಮೂವರು ಬಂದರು, ಹೋದರು, ಬಂದರು.

ಆಮೇಲೆ ನಾಲ್ಕನೇ ಹಂತಕ್ಕೆ ಹೋದ. ಹಿಮ ಬಿದ್ದ ಗೋದಾಮುಗಳ ಅಂಗಳ, ಚರಂಡಿಗೆ ಅಡ್ಡಲಾಗಿ ಒಂದು ಹಲಗೆಯ ಸೇತುವೆ. ಅದರ ಮೇಲೆ ಕಾಲಿಟ್ಟದ್ದೇ ತಡ, ಎಡಗಡೆಯಿಂದ ಕಪ್ಪು ನಾಯಿಯೊಂದು ಬಂತು. ಅವನು ಯೋಚಿಸುವ ಮೊದಲೇ ಹೆಬ್ಬೆರಳು ಕೂರುವ ಗುಂಡಿಯನ್ನು ಒತ್ತಿತ್ತು.

‘ನಾಯಿ ಕಣೋ, ಕೂತ್ಕೋ.’ ಶಿವ ಹಾಗೆ ಅಂದದ್ದು ಸುಳ್ಳಲ್ಲ. ನಾಯಿ ಹಾದುಹೋದ ಮೇಲೆ ತಾನು ಆಟ ನಿಲ್ಲಿಸಿ, ಹಿಂತಿರುಗಿ, ಅವನ ಕೈಗೆ ಕೈ ತಟ್ಟಿದ್ದು ನೆನಪಾಯಿತು. ಶಿವನ ಜೇಬಿನ ಮೇಲೆ ಗುಂಡುಪಿನ್ನಿನಲ್ಲಿ ಚುಚ್ಚಿದ ಕಾಗದದ ಬಾವುಟವಿತ್ತು. ಕಾಲೇಜಿನಲ್ಲಿ ಬಾವುಟ ಹಾರಿಸಿ, ಸಿಹಿ ಹಂಚಿ, ಅಲ್ಲಿಂದ ಸೀದಾ ಇಬ್ಬರೂ ಗೇಮ್ ಅಂಗಡಿಗೆ ಬಂದಿದ್ದರು. ಅದು ಭಾನುವಾರ, ಆಗಸ್ಟ್ ೧೫. ಅಪಘಾತದ ಮರುದಿನ.

ಹಾಗಾದರೆ ಶನಿವಾರ ಐದು ಗಂಟೆಯ ಮೇಲೆ ಬೆನ್ನ ಹಿಂದೆ ಏನಿತ್ತು? ಮೃತ್ಯುಂಜಯ ಎಷ್ಟು ಹುಡುಕಿದರೂ ಟಿವಿ ಮಾತ್ರ ನೆನಪಾಯಿತು.

ಅವನು ಶಿವಶಂಕರನಿಗೆ ಫೋನ್ ಮಾಡಿದ. ಮಂಡಿ ಈಗ ಅವನದೇ.

“ಏನ್ ಮೃತ್ಯು, ಭಾನುವಾರಾನೂ ಬುಡಲ್ವಲ್ಲೋ! ಹೇಳಪ್ಪ.”

“ಶಿವ, ಗ್ರೇ ಹಾರ್ಬರ್‌ನಲ್ಲಿ ಆ ಸೇತುವೆ ಮೇಲೆ ನಾಯಿ ಇಲ್ಲ ಕಣೋ.”

“ಯಾವ ನಾಯಿ?”

“ನಾನು ಕೋರ್ಟಲ್ಲಿ ಹೇಳಿದ ನಾಯಿ. ಅದು ನಾಲ್ಕನೇ ಹಂತದ್ದು, ಮಾರನೇ ದಿನದ್ದು.”

ಆ ಕಡೆ ಟಿವಿಯ ಸದ್ದು ನಿಂತಿತು.

“ಶನಿವಾರ ಐದು ಗಂಟೆಗೆ ನೀನು ಬೆಂಚ್ ಮೇಲಿದ್ಯಾ?”

“ಇದ್ದೆ ಅಂತ ಹೇಳ್ದೋನು ನೀನೇ ತಾನೆ? ಹಂಗೆ ಹೇಳು ಅಂತ ನಾನಂದಿದ್ನಾ? ನಮ್ಮಪ್ಪ ಅಂದಿದ್ರಾ?”

“ಇಲ್ಲ.”

“ಮತ್ತೆ? ಇಪ್ಪತ್ತೊಂದು ವರ್ಷ ಆಯ್ತು, ಬುಡು ಅತ್ಲಾಗೆ. ಊಟ ಆಯ್ತಾ?”

ಫೋನ್ ಇಟ್ಟ ಮೇಲೆ ಮೃತ್ಯುಂಜಯ ಆ ಮಾತುಗಳನ್ನು ಒಂದೊಂದಾಗಿ ತೂಗಿ ನೋಡಿದ. ಶಿವ ಇದ್ದೆ ಎನ್ನಲಿಲ್ಲ. ಇರಲಿಲ್ಲ ಎಂದೂ ಒಪ್ಪಲಿಲ್ಲ. ಇಷ್ಟನ್ನು ಹಿಡಿದುಕೊಂಡು ಅವನೇ ವ್ಯಾನ್ ಓಡಿಸಿದ ಎಂದರೆ, ಅದೂ ಮೊದಲಿನಂಥದೇ ಇನ್ನೊಂದು ಸಾಕ್ಷಿಯಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯದೆ ಕೆಸರೆಗೆ ಹೋದ. ಮರಿಸ್ವಾಮಿ ನಡುಮನೆಯ ಮಂಚದ ಮೇಲಿದ್ದರು. ಪಾದಗಳು ಊದಿ ಹೊಳೆಯುತ್ತಿದ್ದವು. ಸರೋಜಮ್ಮ ಅವರ ತಲೆಯ ಹಿಂದಕ್ಕೆ ಇನ್ನೊಂದು ದಿಂಬು ಕೊಟ್ಟರು. ಮೃತ್ಯುಂಜಯ ನಿಂತುಕೊಂಡೇ ಎಲ್ಲವನ್ನೂ ಹೇಳಿದ.

“ಯಾವ ನಾಯಿ?” ಸರೋಜಮ್ಮ ಕೇಳಿದರು.

“ಆಟದಲ್ಲಿ ಬರೋ ನಾಯಿ, ಅಮ್ಮ. ನಿಜವಾದ್ದಲ್ಲ.”

“ನಿಜವಾದ ನಾಯಿನೂ ಅಲ್ವಾ? ಟಿವಿ ಒಳಗಿನ ನಾಯಿನ ನಂಬ್ಕೊಂಡು ಇವ್ರನ್ನ ಒಳಗಾಕಿದ್ರಾ?” ಅವರು ಸೆರಗಿನಿಂದ ಕೈ ಒರೆಸಿಕೊಂಡರು. “ಈಗಲಾದ್ರೂ ಬಾಯ್ಬಿಟ್ಟು ಹೇಳಿ. ಆ ಹುಡುಗನೇ ಓಡಿಸ್ದ ಅನ್ನಿ.”

“ಅದು ನಂಗೆ ಗೊತ್ತಿಲ್ಲ, ಅಮ್ಮ.”

“ಅವನು ನಿಮ್ಮ ಹಿಂದೆ ಇರ್ಲಿಲ್ಲ ಅಂತನಾದ್ರೂ ಅನ್ನಿ.”

“ಇದ್ನೋ ಇಲ್ವೋ, ಅದೂ ಗೊತ್ತಿಲ್ಲ.”

“ಆವತ್ತು ಗೊತ್ತಿತ್ತು, ಇವತ್ತು ಗೊತ್ತಿಲ್ಲ. ಚೆನ್ನಾಗದೆ ಕಣ್ರೀ.”

“ಸರೋಜಾ, ಬುಡು.” ಮರಿಸ್ವಾಮಿಯ ದನಿ ಸಣ್ಣದಾಗಿತ್ತು, ಅದರಲ್ಲಿ ಕೋಪವಿರಲಿಲ್ಲ. “ಆವತ್ತು ಅಷ್ಟೇ ಅಂದಿದ್ರೂ ಸಾಕಾಗ್ತಿತ್ತು. ಗೊತ್ತಿಲ್ಲ ಅಂತ.” ಉಸಿರು ಸುಧಾರಿಸಿಕೊಂಡರು. “ಹೋಗಿ, ಅದನ್ನೇ ಹೇಳಿ ಆ ತಾಯಿಗೆ. ಜಾಸ್ತಿ ಏನೂ ಸೇರಿಸ್ಬ್ಯಾಡಿ.”

ಸರೋಜಮ್ಮ ಚಪ್ಪಲಿ ಮೆಟ್ಟಿ ಮುಂದೆ ನಡೆದರು. ಗಿರಿಜಾಂಬಾ ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಸರೋಜಮ್ಮನನ್ನು ಕಂಡು ಮುಖ ಆ ಕಡೆ ಹೊರಳಿತು. ಜೊತೆಯಲ್ಲಿದ್ದವನನ್ನು ನೋಡಲು ಮತ್ತೆ ಈ ಕಡೆ ಬಂತು.

“ಕೋರ್ಟಲ್ಲಿ ಸಾಕ್ಷಿ ಹೇಳಿದ್ನಲ್ಲ, ಅವನು ನಾನು,” ಎಂದ ಮೃತ್ಯುಂಜಯ.

“ಗೊತ್ತಾಯ್ತು. ಆಗ ತೆಳ್ಳಗಿದ್ರಿ.”

ಅವನು ಹೇಳಿದ. ಯಾವ ದಿನ ಯಾವ ಹಂತ, ಯಾವ ಸೇತುವೆ, ತಾನು ಕಂಡದ್ದೇನು, ಕಾಣದ್ದೇನು. ಗಿರಿಜಾಂಬಾ ಅಕ್ಕಿಯಲ್ಲಿ ಬೆರಳಾಡಿಸುವುದನ್ನು ನಿಲ್ಲಿಸಿ ಕೊನೆಯವರೆಗೂ ಕೇಳಿದರು.

“ಹಾಗಾದ್ರೆ ನಮ್ಮ ಯಜಮಾನ್ರನ್ನ ಕೊಂದಿದ್ಯಾರು?”

“ನಂಗೆ ಗೊತ್ತಿಲ್ಲ.”

“ಇವ್ರ ಗಂಡ ಅಲ್ವಾ?”

“ಅದನ್ನೂ ನಾನು ಹೇಳೋಕಾಗಲ್ಲ. ನನ್ನ ಸಾಕ್ಷಿ ತಪ್ಪಿತ್ತು, ಅಷ್ಟೇ ನಂಗೆ ಗೊತ್ತಿರೋದು.”

“ಅಷ್ಟೇ.” ಆಕೆ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡರು. “ಇಪ್ಪತ್ತೊಂದು ವರ್ಷ ನಂಗೆ ಅಂತ ಒಬ್ಬ ಇದ್ದ, ಕಂಡ್ರೆ ಮುಖ ತಿರುಗಿಸೋಕೆ. ಅವನೇ ಅನ್ನಲ್ಲ, ಅವನಲ್ಲ ಅನ್ನಲ್ಲ, ಇದ್ದ ಒಬ್ಬನ್ನೂ ಕಿತ್ಕೊಂಡು ಹೋಗೋಕೆ ಬಂದಿದ್ದೀರಾ?” ಆಮೇಲೆ, ಇಷ್ಟು ವರ್ಷದಲ್ಲಿ ಮೊದಲ ಸಲ, ಸರೋಜಮ್ಮನನ್ನು ನೇರವಾಗಿ ನೋಡಿದರು. “ಸಾಯೋ ಕಾಲದಲ್ಲಿ ಒಳ್ಳೆಯವರಾಗ್ಬೇಕು ಅನ್ನಿಸ್ತಾ? ಹೀಗೆ ಹೇಳೋಕೆ ಎಷ್ಟು ಕೊಟ್ರಿ ಇವ್ರಿಗೆ?”

ಸರೋಜಮ್ಮ ಹಿಂತಿರುಗಿ ನಡೆದರು. ಅಡ್ಡರಸ್ತೆಯ ಮೂಲೆಯಲ್ಲಿ ನಿಂತು, ಅವನ ಮುಖ ನೋಡದೆ ಅಂದರು: “ಆಯಮ್ಮ ಕೇಳಿಸ್ಕೊಂಡು ಕಣ್ಣೀರಾಕಿದ್ರು, ನಂಬಿದ್ರು ಅಂತ ಹೇಳ್ತೀನಿ. ನೀವು ಹ್ಞೂಂ ಅನ್ನಿ ಸಾಕು. ಇನ್ನೆಷ್ಟು ದಿನ ಅವ್ರಿಗೆ.”

ಮೃತ್ಯುಂಜಯ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಮನೆಯೊಳಗೆ ಸರೋಜಮ್ಮ ತಾವು ಅಂದುಕೊಂಡಿದ್ದನ್ನು ಹೇಳಿದರು. ಚೆನ್ನಾಗಿಯೇ ಹೇಳಿದರು. ಮರಿಸ್ವಾಮಿ ಪೂರ್ತಿ ಕೇಳಿ, ತಲೆಯನ್ನು ಮೆಲ್ಲಗೆ ಮೃತ್ಯುಂಜಯನ ಕಡೆ ತಿರುಗಿಸಿದರು.

“ಇವಳು ನನ್ನ ಹೆಂಡ್ತಿ. ಹಂಗೇ ಹೇಳ್ತಾಳೆ. ನೀವ್ ಹೇಳಿ.”

ಸರೋಜಮ್ಮ ಅವನನ್ನೇ ನೋಡುತ್ತಿದ್ದರು. ಹ್ಞೂಂ ಎಂಬ ಒಂದು ಶಬ್ದ ಸಾಕಿತ್ತು. ಆ ಮನುಷ್ಯನ ಬಗ್ಗೆ ಗೊತ್ತಿಲ್ಲದ್ದನ್ನು ಒಮ್ಮೆ ಹೇಳಿಯಾಗಿತ್ತು. ಈಗ ಕಣ್ಣಾರೆ ಕಂಡು ಕಿವಿಯಾರೆ ಕೇಳಿದ್ದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಲು ಅವನಿಂದಾಗಲಿಲ್ಲ.

ಗಿರಿಜಾಂಬಾ ಆಡಿದ ಮಾತುಗಳನ್ನು ಅವನು ಮೊದಲಿನಿಂದ ಹೇಳಿದ. ಒಂದನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಎಷ್ಟು ಕೊಟ್ಟಿರಿ ಎಂದದ್ದನ್ನೂ ಹೇಳಿದ.

“ಕಾಸು ಕೊಟ್ಟು ಹೇಳಿಸ್ದೆ ಅಂದ್ರಾ?” ಮರಿಸ್ವಾಮಿ ಕೇಳಿದರು.

“ಹೌದು.”

ಅವರು ಗೋಡೆಯ ಕಡೆಗೆ ಹೊರಳಲು ನೋಡಿದರು. ಒಬ್ಬರೇ ಹೊರಳಲು ಆಗಲಿಲ್ಲ. ಸರೋಜಮ್ಮ ಭುಜ ಹಿಡಿದು ಹೊರಳಿಸಿದರು, ಹೊದಿಕೆ ಎಳೆದರು. ಆಮೇಲೆ ಬಾಗಿಲವರೆಗೆ ಬಂದು, ಅವನು ಚಪ್ಪಲಿ ಹಾಕಿಕೊಳ್ಳುವುದನ್ನು ಕಾಯುತ್ತಾ ನಿಂತರು.

“ಇದೊಂದನ್ನ ಚೆನ್ನಾಗಿ ನೆನಪಿಟ್ಕೊಂಡಿದ್ರಿ,” ಎಂದು ಹೇಳಿ ಬಾಗಿಲು ಹಾಕಿಕೊಂಡರು.