ಲಾಂಟಿ ಬರ್ಕೆಟ್ ಕಾದಿಟ್ಟ ಹುಲ್ಲುಗಾವಲು

ಲಾಂಟಿ ಬರ್ಕೆಟ್ ತನ್ನ ಹುಲ್ಲುಗಾವಲಿನ ಅಂಚಿನಲ್ಲಿ ನಡೆಯುವಾಗ ಕಲ್ಲುಗೋಡೆಗೆ ಭುಜ ಉಜ್ಜಿಕೊಂಡು, ಒಂದು ಪಾದದ ಮುಂದೆ ಇನ್ನೊಂದನ್ನು ಬೆಕ್ಕಿನಂತೆ ಊರಿ, ಎಲ್ಲಿ ಒಂದು ಎಸಳು ಬಾಗೀತೋ ಎಂದು ಉಸಿರನ್ನೂ ಬಿಗಿಹಿಡಿದು ಸಾಗುತ್ತಿದ್ದ. ಹಾಗೆ ಉಜ್ಜಿ ಉಜ್ಜಿ ಅವನ ಎಡಭುಜ ಬಲಭುಜಕ್ಕಿಂತ ಒಂದು ಗೇಣು ಸವೆದಿತ್ತು. ಗೋಡೆಯೂ ಅಷ್ಟೇ ಸವೆದಿತ್ತು ಎಂದು ನಾನು ಹೇಳಿದರೆ ನಮ್ಮ ಕಂಬರ್ಲೆಂಡಿನ ಕಣಿವೆಯಲ್ಲಿ ಯಾರೂ ನಗುವುದಿಲ್ಲ, ಹೋಗಿ ಅಳೆದು ಬರುತ್ತಾರೆ.

ಅವನ ಬಾಳೆಲ್ಲ ಒಂದು ಕ್ರಿಯಾಪದದಲ್ಲಿ ಅಡಗಿತ್ತು: ‘ಹೇಯ್ನ್’. ಲಂಡನ್ನಿನ ಪಂಡಿತರ ಇಂಗ್ಲಿಷಿಗೆ ಅದು ಅಪರಿಚಿತ. ನಮ್ಮ ಬೆಟ್ಟಗಳ ನಡುವೆ ಕೆಲವು ಮುದುಕರ ಬಾಯಲ್ಲಿ ಮಾತ್ರ ಕುಟುಕುಜೀವ ಹಿಡಿದುಕೊಂಡಿದೆ. ವಸಂತದಲ್ಲಿ ಕುರಿಗಳನ್ನು ಬೆಟ್ಟಕ್ಕೆ ಅಟ್ಟಿ, ಗೋಡೆಯ ಕಂಡಿಯನ್ನು ಕಲ್ಲಿಟ್ಟು ಮುಚ್ಚಿ, ಕೊಯ್ಲಿನ ತನಕ ಒಂದು ಗೊರಸೂ ತುಳಿಯದಂತೆ ಹುಲ್ಲನ್ನು ಬೆಳೆಯಬಿಡುವುದು ಹೇಯ್ನ್. ಮುದಿ ಕುದುರೆಗೆ ಏರುದಾರಿಯ ಹೊರೆ ತಪ್ಪಿಸುವುದೂ ಹೇಯ್ನ್. ಕೊನೆಯ ತುಂಡು ಚೀಸನ್ನು ನಾಳೆಗೆ ಎತ್ತಿಡುವುದೂ, ಚಳಿಗಾಲದಲ್ಲಿ ಮಾತು ಕಡಿಮೆ ಮಾಡಿ ಉಸಿರು ಉಳಿಸಿಕೊಳ್ಳುವುದೂ ಅದೇ. ಮೀಸಲಿಡುವುದು ಎಂದರೆ ಹತ್ತಿರ ಬಂದೀತು; ಆದರೆ ಮೀಸಲಿನಲ್ಲಿ ಅದು ಯಾರಿಗೆಂಬುದು ಮೊದಲೇ ಗೊತ್ತಿರುತ್ತದೆ.

ತಾನು ಕಾದಿಟ್ಟದ್ದು ಯಾರಿಗೆಂದು ಲಾಂಟಿಗೂ ಗೊತ್ತಿತ್ತು. ಬ್ರೆಡ್ಡಿನ ಅಂಗಡಿಯ ವಿಧವೆ ಡೈನಾ ಟೈಸನ್‌ಗೂ ಗೊತ್ತಿತ್ತು. ಅವನ ನೀಲಿ ಉಣ್ಣೆಯ ಕೋಟು ಹೊಲಿಸಿದ ದಿನವೇ ನುಸಿಗುಳಿಗೆಯೊಡನೆ ಪೆಟ್ಟಿಗೆ ಸೇರಿದ್ದು ಯಾವ ದಿನಕ್ಕೆಂದು ಇಡೀ ಕಣಿವೆಗೆ ಗೊತ್ತಿತ್ತು. ಮೈಮೇಲಿನ ಹಳೆಯ ಕೋಟನ್ನು ಸೆಣಬಿನ ದಾರ ಕಟ್ಟಿ ಹಿಡಿದಿತ್ತು; ಬೆದರುಬೊಂಬೆಯೊಂದು ಒಮ್ಮೆ ಕನಿಕರದಿಂದ ತನ್ನ ಟೋಪಿಯನ್ನೇ ಅವನಿಗೆ ಕೊಟ್ಟಿತಂತೆ.

ಆ ಬೇಸಗೆಯಲ್ಲಿ ಕೆಂಡಲ್ ಪೇಟೆಯ ದನದ ಹರಾಜಿನವನು ಡೈನಾಳನ್ನು ಮದುವೆಗೆ ಕೇಳಿದ. ನಾನು ಲಾಂಟಿಯ ಜೊತೆ ಅವನ ಗೋಡೆಗೆ ಕಲ್ಲು ಕೂರಿಸುತ್ತಿದ್ದಾಗ ಅವಳು ಕಂಡಿಯ ಬಳಿ ಬಂದು ನಿಂತಳು.

“ಹುಲ್ಲು ಬಲಿತಿದೆಯಲ್ಲೋ ಲಾಂಟಿ, ಯಾವಾಗ ಕೊಯ್ಯೋದು?”

“ಇನ್ನೊಂದು ವಾರ ಹೇಯ್ನ್ ಮಾಡ್ತೀನಿ. ಚೂರು ಏರ್ಲಿ.”

“ಹುಲ್ಲಿನ ಸುದ್ದಿ ಸಾಕು ಮಾರಾಯ. ಹರಾಜಿನವನಿಗೆ ಭಾನುವಾರ ಉತ್ತರ ಹೇಳ್ಬೇಕು ನಾನು. ನೀನೇನಾದ್ರೂ ಹೇಳೋದಿದೆಯಾ?”

ಲಾಂಟಿಯ ಬಾಯಿ ತೆರೆಯಿತು. ಅಷ್ಟು ಕಾಲದಿಂದ ಬೆಳೆಯಬಿಟ್ಟ ಮಾತು ಗಂಟಲ ತನಕ ಎದ್ದು ನಿಂತದ್ದನ್ನು ನಾನು ಕಣ್ಣಾರೆ ಕಂಡೆ. “ಕೊಯ್ಲೊಂದು ಮುಗೀಲಿ ಡೈನಾ,” ಎಂದ. “ಆಮೇಲೆ ಸಮಾಧಾನವಾಗಿ ಕೂತು...”

“ನಾನೇನು ಹುಲ್ಲುಗಾವಲಲ್ಲ ಕಣೋ, ಕಲ್ಲಿಟ್ಟು ಮುಚ್ಚಿ ಬಿಡೋಕೆ,” ಎಂದಳು ಅವಳು, ಮೆಲ್ಲಗೆ. ಸ್ವಲ್ಪ ಹೊತ್ತು ನಿಂತೂ ನೋಡಿದಳು. ಆಮೇಲೆ ಹೋದಳು.

ಶನಿವಾರ ಮಳೆ ಹಿಡಿಯಿತು. ಮೀನುಗಳು ಹೊಳೆ ಬಿಟ್ಟು ಮೋಡಕ್ಕೆ ಈಜಿದವು. ಕಣಿವೆಯಲ್ಲೇ ಎತ್ತರದ ಆ ಹುಲ್ಲು ಮಲಗಿ, ಕಪ್ಪಾಗಿ, ಕುರಿಯೂ ಮೂಸದಂತಾಯಿತು. ಡೈನಾ ಭಾನುವಾರವೇ ಉತ್ತರ ಕೊಟ್ಟಿದ್ದಳು.

ಅವಳ ಮದುವೆಗೆ ಲಾಂಟಿ ನೀಲಿ ಕೋಟು ತೊಟ್ಟು ಬಂದ. ಗುಂಡಿಗಳೂ ಕಾಜಾಗಳೂ ಒಂದನ್ನೊಂದು ದೂರದಿಂದ ನೋಡುತ್ತಿದ್ದವು. ನುಸಿಗುಳಿಗೆಯ ಘಾಟಿಗೆ ಪಾದ್ರಿ ಸೀನಿದ ರಭಸಕ್ಕೆ ಚರ್ಚಿನ ಗಂಟೆ ತಾನಾಗಿ ಮೊಳಗಿತು. ಊಟದ ಕೊನೆಗೆ ಕೊಟ್ಟ ಕೇಕಿನ ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಅವನು ಜೇಬಿಗಿಟ್ಟುಕೊಂಡ.

“ತಿನ್ನೋ, ಡೈನಾ ಕೈಯಾರೆ ಮಾಡಿದ್ದು,” ಎಂದೆ.

“ಇರ್ಲಿ ಬಿಡು.”

ಮುಂದಿನ ವಸಂತದಲ್ಲಿ ಎಲ್ಲರೂ ಕಂಡಿ ಮುಚ್ಚಿದರು, ಅವನು ಮುಚ್ಚಲಿಲ್ಲ. “ಕುರಿ ನುಗ್ಗಿವೆಯಲ್ಲೋ,” ಎಂದು ಕೂಗಿದೆ. ಗೋಡೆಗೆ ಒರಗಿ ನೋಡುತ್ತಿದ್ದವನು, “ತಿನ್ಲಿ, ಎಳೇದಿದೆ,” ಎಂದ. ಆ ಕ್ರಿಯಾಪದವನ್ನು ಅವನ ಬಾಯಲ್ಲಿ ಮತ್ತೆ ನಾನು ಕೇಳಲಿಲ್ಲ.

ಇಂಥವರನ್ನು ಜಿಪುಣರೆನ್ನುವುದು ಅನ್ಯಾಯ. ಪ್ರೀತಿಸಿದ್ದರ ಮೇಲೆ ತಮ್ಮ ಪಾದವೇ ಬಿದ್ದು ಅದು ನಲುಗೀತೆಂಬ ಭಯದಲ್ಲಿ ಜೀವಮಾನವಿಡೀ ಗೋಡೆಗೆ ಒತ್ತಿ ನಡೆಯುವವರು ಅವರು. ಆ ಹುಲ್ಲುಗಾವಲಿನ ನಟ್ಟನಡುವೆ ಒಬ್ಬಳು ಅವರ ಹೆಜ್ಜೆಯ ಸದ್ದಿಗಾಗಿಯೇ ಕಿವಿಗೊಟ್ಟು ನಿಂತಿರುತ್ತಾಳೆ.