ಬೋರಪ್ಪನವರ ಬ್ಲೇಡು

ಹಾಸನದ ಬೋರಪ್ಪನವರು ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದವರು. ಅವರ ಗೆರೆ ಎಂದರೆ ಗೆರೆ. ಎಲ್ಲಾದರೂ ತಪ್ಪಿದರೆ ಬ್ಲೇಡಿನಲ್ಲಿ ಕೆರೆದು ಮತ್ತೆ ಎಳೆಯುತ್ತಿದ್ದರೇ ಹೊರತು ಸೊಟ್ಟಗೆರೆಯನ್ನು ಉಳಿಸುವ ಜಾಯಮಾನವೇ ಅವರದಲ್ಲ. ಅಂಥವರಿಗೆ ಹೋದ ವರ್ಷ ಲಕ್ವ ಹೊಡೆದು ಬಲಗೈಗೆ ನಡುಕ ಹತ್ತಿತು. ಬ್ಯಾಂಕಿನಲ್ಲಿ ಸಹಿ ತಾಳೆಯಾಗಲಿಲ್ಲ. ಹೆಬ್ಬೆಟ್ಟು ಒತ್ತಿ ಬಂದರು. ಮನೆಗೆ ಬಂದು ಬೆರಳಿನ ಮಸಿಯನ್ನು ಸೋಪು ಹಾಕಿ ಉಜ್ಜಿದ್ದೇ ಉಜ್ಜಿದ್ದು. ಅವತ್ತಿನಿಂದ ಪೆನ್ನು ಮುಟ್ಟಲಿಲ್ಲ.

ಮಗಳು ಶೋಭಿತಾ ಬಿಡುವವಳಲ್ಲ. ನೀರಿಗೆ ಕರಗದ ಇಂಕಿನ ಪೆನ್ನು, ಬಣ್ಣದ ಡಬ್ಬಿ, ದಪ್ಪ ಕಾಗದ ತಂದಳು. ಒಂದು ಭಾನುವಾರ ಅಪ್ಪನನ್ನು ಆಟೋ ಹತ್ತಿಸಿ ಶೆಟ್ಟಿಹಳ್ಳಿಗೆ ಕರೆತಂದು, ಹಿನ್ನೀರಿನಲ್ಲಿ ನಿಂತ ಮುರುಕು ಚರ್ಚಿನೆದುರು ಕೂರಿಸಿದಳು.

"ಮೊದ್ಲು ಪೆನ್ನಲ್ಲಿ ಗೆರೆ. ಒಣಗಿದ್ ಮೇಲೆ ನೀರ್‌ಬಣ್ಣ ತೆಳ್ಳಗೆ ಬಳೀರಿ, ಅಷ್ಟೆ."

ಅಷ್ಟೆ ಅಂತೆ! ಗೋಡೆಯ ಗೆರೆ ನಡುಗಿತು. ಬೋರಪ್ಪನವರು ಜೇಬಿನಿಂದ ಬ್ಲೇಡು ತೆಗೆದು ಕೆರೆದರು. ಬಣ್ಣ ಬಳಿದಾಗ ಕೆರೆದ ಜಾಗವೆಲ್ಲ ನೀರು ಕುಡಿದು ಕಪ್ಪು ಕಲೆಯಾಯಿತು. ಎರಡನೆಯ ಹಾಳೆಗೂ ಅದೇ ಗತಿ.

"ಸಾಕು, ನಡಿಯವ್ವ. ಈ ಕೈ ಹೆಬ್ಬೆಟ್ಟಿಗೇ ಲಾಯಕ್ಕು" ಎಂದರು.

ಶೋಭಿತಾ ಬ್ಲೇಡನ್ನು ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿದಳು. "ಇನ್ನೊಂದೇ ಹಾಳೆ, ಅಪ್ಪ."

ಸಿಟ್ಟಿನಲ್ಲೇ ಎಳೆದರು. ಕಮಾನು ಅಲ್ಲಾಡಿತು, ನೀರಿನಲ್ಲಿ ಬಿದ್ದ ಅದರ ನೆರಳು ಇನ್ನೂ ಅಲ್ಲಾಡಿತು. ಕೈ ಅಭ್ಯಾಸಬಲದಿಂದ ಜೇಬಿಗೆ ಹೋಗಿ ಬರಿದೇ ಬಂತು. ಬೇರೆ ದಾರಿಯಿಲ್ಲದೆ ಬೂದಿಬಣ್ಣ ಬಳಿದರು.

ಹಸು ಮೇಯಿಸುತ್ತಿದ್ದ ಆ ಊರಿನ ಬೆಟ್ಟಮ್ಮ ಬಂದು ಬಗ್ಗಿ ನೋಡಿದಳು.

"ಫೋಟೋದೋರು ದಿನಾ ಬತ್ತಾರೆ ಸಾ. ಅವ್ರ ಫೋಟೋದಾಗೆ ನೀರು ಸತ್ತಂಗಿರ್ತದೆ. ನಿಮ್ದ್ರಾಗೆ ಅಲ್ಲಾಡ್ತಾ ಅದೆ ಕಣಿ. ಎಂಗ್ ಮಾಡಿದ್ರಿ?"

ಬೋರಪ್ಪನವರು ಒಂದು ವರ್ಷ ಬೈದುಕೊಂಡೇ ಅನ್ನ ಕಲೆಸಿದ ಕೈಯನ್ನು ತಿರುಗಿಸಿ ನೋಡಿದರು. ಕಣ್ಣು ಮಂಜಾಯಿತು. ಬ್ಲೇಡು ಕಿತ್ತುಕೊಂಡ ಮಗಳಿಗೂ, ಗುರುತಿಲ್ಲದ ಈ ಹೆಂಗಸಿಗೂ, ಬಿಟ್ಟುಹೋಗದೆ ಉಳಿದ ಆ ಕೈಗೂ ತಾವು ಋಣಿ ಎನ್ನಿಸಿತು.

"ಸಹಿ ಹಾಕಿ" ಎಂದಳು ಶೋಭಿತಾ.

ಮೂಲೆಯಲ್ಲಿ ಹೆಸರು ಬರೆದರು. 'ಬೋ' ಸೊಟ್ಟಗಾಯಿತು, 'ಪ್ಪ'ದ ಒತ್ತು ಕೆಳಕ್ಕೆ ಜಾರಿತು. ಶೋಭಿತಾ ನಗುತ್ತಾ, "ಬ್ಲೇಡು ಕೊಡ್ಲಾ?" ಎಂದು ಕೇಳಿದಳು.

"ಬ್ಯಾಡ ಕಣವ್ವ. ಅಂಗೇ ಇರ್ಲಿ. ಇನ್ಮ್ಯಾಕೆ ಇದೇ ನನ್ ಸಹಿ."