ತುರುವೇಕೆರೆಗೆ ಹತ್ತು ಲೀಟರ್

ತಿಪಟೂರಿನ ಫ್ರಿಜ್ ರಿಪೇರಿ ಗಯಾಜನಿಗೆ ನೀರಿನ ಹುಚ್ಚು ಹಿಡಿದದ್ದು ಹೆಂಡತಿ ಅಫ್ಸರ್ ಬಾನು ತೀರಿಕೊಂಡ ಮೇಲೆ. ಕಿಡ್ನಿ ಕೈಕೊಟ್ಟು ಹೋದಳು, ಪಾಪ. ನೀರಿನಿಂದಲೇ ಹಿಂಗಾಯ್ತು ಅಂತ ಯಾವ ಡಾಕ್ಟರೂ ಹೇಳಿರಲಿಲ್ಲ. ಆದರೆ ಮಣ್ಣು ಮಾಡಿ ಬಂದ ಮೂರನೇ ದಿನ ಟೀ ಕಾಯಿಸೋಕೆ ಪಾತ್ರೆ ಎತ್ತಿಕೊಂಡರೆ, ತಳದಲ್ಲಿ ಬೋರ್‌ವೆಲ್ ನೀರಿನ ಬಿಳಿ ಸುಣ್ಣ ದಪ್ಪಕ್ಕೆ ಕಟ್ಟಿತ್ತು. "ಇದೇ ಕಣೇ ನಿನ್ನ ತಿಂದಿದ್ದು" ಅಂತ ಖಾಲಿ ಅಡುಗೆಮನೆಗೆ ಹೇಳಿ ಅತ್ತ.

ಅತ್ತು ಸುಮ್ಮನೆ ಕೂರೋ ಆಸಾಮಿ ಅಲ್ಲ. ಹಳೇ ಫ್ರಿಜ್ಜಿನ ತಾಮ್ರದ ಪೈಪು ಕೈಲೇ ಇತ್ತು. ದೊಡ್ಡ ಕುಕ್ಕರಿನ ವಿಷಲ್ ಕಿತ್ತು ಆ ಜಾಗಕ್ಕೆ ಪೈಪು ಬೆಸೆದ, ಪೈಪನ್ನ ತಣ್ಣೀರಿನ ಬಕೆಟ್ಟಿನಲ್ಲಿ ಸುತ್ತಿಸಿದ. ಹಿತ್ತಲಲ್ಲಿ ತೆಂಗಿನ ಚಿಪ್ಪಿನ ಒಲೆ. ನೀರು ಕುದಿದು ಆವಿಯಾಗಿ, ಪೈಪಿನಲ್ಲಿ ತಣ್ಣಗಾಗಿ, ತೊಟ್ಟು ತೊಟ್ಟಾಗಿ ಕ್ಯಾನಿಗೆ ಬೀಳೋದು. ದಿನಾ ಸಂಜೆ ಒಂದೂವರೆ ಲೀಟರು. ಮಾತಾಡೋರು ಯಾರೂ ಇಲ್ಲದ ಮನೆಯಲ್ಲಿ ಆ ತೊಟ್ಟಿನ ಸದ್ದೊಂದು ಜೊತೆಗಿರೋದು.

ಆ ನೀರನ್ನ ಪ್ರತಿ ಭಾನುವಾರ ಬಸ್ಸಿನಲ್ಲಿ ತುರುವೇಕೆರೆಗೆ ಒಯ್ಯುತ್ತಿದ್ದ. ಮಗಳು ರುಹಿಯನ್ನ ಕೊಟ್ಟಿದ್ದು ಅಲ್ಲಿಗೆ. ಅವಳೀಗ ಮೂರು ತಿಂಗಳ ಬಸುರಿ. ತಾಯಿಗಾದದ್ದು ಮಗಳಿಗಾಗಬಾರದು ಅನ್ನೋದು ಒಂದು. ಇನ್ನೊಂದನ್ನ ಅವನು ಬಾಯಿಬಿಟ್ಟು ಹೇಳ್ತಿರಲಿಲ್ಲ: ಮಗಳು ಸೇರಿದ ಮನೆಗೆ ವಾರವಾರ ಸುಮ್ಮನೆ ಹೋಗಿ ಕೂತರೆ ಏನು ಮರ್ಯಾದೆ? ಕ್ಯಾನಿದ್ದರೆ ಕೆಲಸದ ಮೇಲೆ ಬಂದ ಹಂಗೆ.

ಅಳಿಯ ಉಮರ್ ಫಾರೂಖ್ ಅಡುಗೆಮನೆಗೆ ಆರ್‌ಓ ಮೆಷಿನ್ ಹಾಕಿಸಿದಾಗ ಮಾವನಿಗೆ ತನ್ನ ಕ್ಯಾನಿನ ಗತಿ ಮುಗೀತು ಅನ್ನಿಸಿತು. "ಅರ್ಧಕ್ಕರ್ಧ ನೀರು ಮೋರಿಗೆ ಹೋಯ್ತದಲ್ಲಪ್ಪಾ ಇದರಲ್ಲಿ!" ಅಂತ ಶುರು ಹಚ್ಚಿಕೊಂಡ.

"ಒಂದು ಲೋಟಕ್ಕೆ ಒಂದು ಗಂಟೆ ಒಲೆ ಊದಬೇಕಿಲ್ಲವಲ್ಲ ಮಾಮು" ಅಂತ ಅಳಿಯ ನಕ್ಕ. ನೀರಲ್ಲಿ ಉಪ್ಪಿನಂಶ ಎಷ್ಟು ಕರಗಿದೆ ಅಂತ ತೋರಿಸೋ ಟಿಡಿಎಸ್ ಮೀಟರನ್ನ ಮೆಷಿನ್ನಿನವನು ಬಿಟ್ಟುಹೋಗಿದ್ದ, ಅದನ್ನ ಹಿಡಿದು ನೋಡಿದರು. ನಲ್ಲಿ ನೀರು ಒಂಬೈನೂರು. ಆರ್‌ಓ ನೀರು ಅರವತ್ತು. ಗಯಾಜನ ನೀರು ಮೂರೇ ಮೂರು!

"ನೋಡಿದ್ಯೇನಮ್ಮಾ?" ಅಂದ ಗಯಾಜ್. ರುಹಿ ಅಪ್ಪನ ನೀರು ಒಂದು ಗುಟುಕು ಕುಡಿದು, "ಚೆನ್ನಾಗೈತೆ ಅಬ್ಬಾ" ಅಂದಳು. ಗೆದ್ದೆ ಅಂದುಕೊಂಡು ಬಸ್ಸು ಹತ್ತಿದ.

ಹೀಗೇ ನಾಲ್ಕು ತಿಂಗಳು ನಡೀತು. ಒಂದು ಭಾನುವಾರ ಮಧ್ಯಾಹ್ನದ ಬಸ್ಸಿಗೆ ಕಾಯದೆ ಬೆಳಿಗ್ಗೇನೇ ಹೋದ. ಮೆಟ್ಟಿಲ ಕೆಳಗೆ ಅಳಿಯ ಕುಕ್ಕುರುಗಾಲಲ್ಲಿ ಕೂತು ಇನ್ವರ್ಟರ್ ಬ್ಯಾಟರಿಗೆ ನೀರು ಹುಯ್ಯುತ್ತಿದ್ದ. ಕ್ಯಾನು ಗಯಾಜನದೇ. ಹಿಂದೆ ಗೋಡೆಗೆ ಒರಗಿಸಿಟ್ಟ, ತುಂಬಿದ ಇನ್ನೂ ಆರು ಕ್ಯಾನು.

ಉಮರ್ ಗಾಬರಿಬಿದ್ದು, ಸಂತೋಷಪಡಿಸೋಕೆ ಹೋಗಿ ಇನ್ನಷ್ಟು ಕೆಡಿಸಿದ. "ಬ್ಯಾಟರಿಗೆ ಇಂಥ ಡಿಸ್ಟಿಲ್ಡ್ ನೀರೇ ಬೇಕು ಮಾಮು, ಆರ್‌ಓ ನೀರು ಆಗಲ್ಲ. ಬೀದಿಯವರೆಲ್ಲ ಈಸ್ಕೊಂಡು ಹೋಗ್ತಾರೆ. ನಿಮ್ಮ ಹೆಸರು ಹೇಳ್ತಾರೆ."

ರುಹಿ ಬಾಗಿಲಲ್ಲಿ ನಿಂತಿದ್ದಳು. "ಬಾಯಿಗೆ ಸೇರಲ್ಲ ಅಬ್ಬಾ. ಸಪ್ಪೆ. ನೀವು ನೊಂದ್ಕೊತೀರ ಅಂತ ಹೇಳಲಿಲ್ಲ."

"ಎಷ್ಟು ದಿನಕ್ಕೊಂದ್ಸಲ ಹುಯ್ಬೇಕಪ್ಪಾ ಬ್ಯಾಟರಿಗೆ?" ಅಂತಷ್ಟೇ ಕೇಳಿದ ಗಯಾಜ್.

"ಮೂರು ತಿಂಗಳಿಗೊಂದ್ಸಲ ಸಾಕು."

ಊಟಕ್ಕೆ ಕೂತ, ಎರಡು ತುತ್ತು ತಿಂದ. ಹೊರಡುವಾಗ ರುಹಿ, "ಮುಂದಿನ ವಾರ ನೀರು ತರಬೇಡಿ, ಸುಮ್ಮನೆ ಬನ್ನಿ" ಅಂದಳು. ಹೂಂ ಅಂದ.

ಮುಂದಿನ ಭಾನುವಾರ ಗಡ್ಡ ಟ್ರಿಮ್ ಮಾಡಿಸಿ, ಇಸ್ತ್ರಿ ಷರಟು ಹಾಕಿ ಬಸ್‌ಸ್ಟ್ಯಾಂಡಿಗೆ ಬಂದ. ಕೈ ಬರಿದು ಅನ್ನಿಸಿ ಒಂದು ಡಜನ್ ಬಾಳೆಹಣ್ಣು ಕೊಂಡ. ಬಸ್ಸು ಬಂತು. ಬಾಳೆಹಣ್ಣು ಯಾರು ಬೇಕಾದರೂ ತರ್ತಾರೆ ಅನ್ನಿಸಿತು. ಆ ಬಸ್ಸು ಹೋಯ್ತು, ಇನ್ನೊಂದೂ ಹೋಯ್ತು. ಈ ಬಿಗುಮಾನಕ್ಕೆ ಏನು ಹೇಳೋಣ! ಹಣ್ಣು ಹಿಡಿದುಕೊಂಡು ಮನೆಗೆ ವಾಪಸು ಬಂದ.

ಸಂಜೆ ರುಹಿ ಫೋನು ಮಾಡಿದಳು. "ಯಾಕಬ್ಬಾ ಬರಲಿಲ್ಲ? ಊಟ ಮಾಡದೆ ಕಾದೆ."

"ಬ್ಯಾಟರಿ ತುಂಬೈತಲ್ಲಮ್ಮಾ."

"ನಾನಿಲ್ವೇನಬ್ಬಾ ಇಲ್ಲಿ?" ಅಂದಳು.

"ಬತ್ತೀನಿ ಬುಡು" ಅಂದ ಗಯಾಜ್. ಮಾರನೇ ವಾರವೂ ಹೋಗಲಿಲ್ಲ.